ಜಾನ್ ಸ್ನೋ ಯಾರ ಮಗ? ಪರದೆ ಹೇಳಿದ್ದು, ಪುಸ್ತಕ ಹೇಳದೆ ಉಳಿಸಿಕೊಂಡದ್ದು

2026ರ ಜನವರಿಯಲ್ಲಿ ಅಮೆರಿಕದ ಟಿವಿ ವಾಹಿನಿ ಎಚ್‌ಬಿಒದ ‘ಎ ನೈಟ್ ಆಫ್ ದ ಸೆವೆನ್ ಕಿಂಗ್‌ಡಮ್ಸ್’ ಸರಣಿ ಶುರುವಾದಾಗಿನಿಂದ ಹೊಸ ನೋಡುಗರನ್ನು ಒಂದು ಹೆಸರು ಕಾಡುತ್ತಿದೆ: ಏಗಾನ್. ತಲೆ ಬೋಳಿಸಿಕೊಂಡು, ಎಗ್ ಎಂಬ ಅಡ್ಡಹೆಸರಿನಲ್ಲಿ ಡಂಕ್ ಎಂಬ ಬಡ ನೈಟ್ ಒಬ್ಬನ ಚಾಕರಿಗೆ ನಿಂತ ಹುಡುಗ ಅಸಲಿಗೆ ಏಗಾನ್ ಟಾರ್ಗೇರಿಯನ್ ಎಂಬ ರಾಜಕುಮಾರ. ‘ಹೌಸ್ ಆಫ್ ದ ಡ್ರ್ಯಾಗನ್’ನಲ್ಲಿ ಮಲಅಕ್ಕನ ಎದುರು ಗದ್ದುಗೆಗೆ ಏರಿದವನೂ ಏಗಾನ್. ‘ಗೇಮ್ ಆಫ್ ಥ್ರೋನ್ಸ್’ ಮುಗಿಯುವ ಹೊತ್ತಿಗೆ ಜಾನ್ ಸ್ನೋನ ನಿಜವಾದ ಹೆಸರೂ ಏಗಾನ್ ಎಂದು ತಿಳಿಯಿತು. ಇಷ್ಟು ಸಾಲದೆಂಬಂತೆ, ಪುಸ್ತಕ ಹಿಡಿದವರಿಗೆ ಅಲ್ಲಿ ಮತ್ತೊಬ್ಬ ಏಗಾನ್ ಸಿಗುತ್ತಾನೆ. ಅವನು ಪರದೆಯ ಮೇಲೆ ಬರಲೇ ಇಲ್ಲ.

ಹೆಸರು ಮರುಕಳಿಸುವುದಕ್ಕೆ ಕಾರಣ ಸರಳ. ಡ್ರ್ಯಾಗನ್‌ಗಳ ಬಲದಿಂದ, ಕಥೆ ನಡೆಯುವ ವೆಸ್ಟೆರಾಸ್ ನಾಡನ್ನು ಗೆದ್ದ ಮೊದಲ ಅರಸನ ಹೆಸರು ಏಗಾನ್. ಅವನ ಟಾರ್ಗೇರಿಯನ್ ಮನೆತನದವರು ಮುತ್ತಜ್ಜನ ಹೆಸರು ಬಿಡಬಾರದೆಂದು ಅದನ್ನೇ ಇಡುತ್ತ ಬಂದರು. ನಿಜವಾದ ತೊಡಕಿರುವುದು ಜಾನ್ ಸ್ನೋನ ಹುಟ್ಟಿನಲ್ಲಿ. ಅವನು ಯಾರ ಮಗ ಎಂಬ ಪ್ರಶ್ನೆಗೆ ಟಿವಿ ಸರಣಿ ಉತ್ತರ ಕೊಟ್ಟು ವರ್ಷಗಳಾದವು, ಅದಕ್ಕೆ ಮೂಲವಾದ ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ಪುಸ್ತಕಗಳು ಇನ್ನೂ ಕೊಟ್ಟಿಲ್ಲ. ಹಾಗಾದರೆ ಉತ್ತರ ಎರಡೂ ಕಡೆ ಒಂದೆಯೇ? (ಕಥೆಯ ಮುಖ್ಯ ಗುಟ್ಟುಗಳೆಲ್ಲ ಮುಂದೆ ಬಯಲಾಗುತ್ತವೆ. ನೋಡಬೇಕೆಂದು ಇಟ್ಟುಕೊಂಡವರು ಇಲ್ಲಿಗೇ ನಿಲ್ಲಿಸಬಹುದು.)

ಪರದೆ ಕೊಟ್ಟ ಉತ್ತರ

ಕಥೆಯ ಆರಂಭದಲ್ಲಿ ಜಾನ್ ಸ್ನೋ ಉತ್ತರ ಸೀಮೆಯ ದೊರೆ ನೆಡ್ ಸ್ಟಾರ್ಕ್‌ನ ಅನೌರಸ ಮಗ. ಯುದ್ಧಕ್ಕೆ ಹೋದ ನೆಡ್ ಹಿಂದಿರುಗುವಾಗ ಕೈಯಲ್ಲಿ ಹಸುಗೂಸಿತ್ತು. ತಾಯಿ ಯಾರೆಂದು ಹೆಂಡತಿಗೂ ಹೇಳಲಿಲ್ಲ. ಉತ್ತರದಲ್ಲಿ ಮದುವೆಯಾಚೆ ಹುಟ್ಟಿದ ದೊರೆಮಕ್ಕಳಿಗೆ ‘ಸ್ನೋ’ ಎಂಬ ಉಪನಾಮ, ಅದೇ ಇವನಿಗೂ ಬಂತು.

2016ರ ಜೂನ್ 26ರಂದು ಪ್ರಸಾರವಾದ ಆರನೇ ಸೀಸನ್ನಿನ ಕೊನೆಯ ಕಂತಿನಲ್ಲಿ ನೆಡ್‌ನ ಮಗ ಬ್ರಾನ್ ಸ್ಟಾರ್ಕ್ ತನ್ನ ದಿವ್ಯದೃಷ್ಟಿಯಲ್ಲಿ ಹಿಂದಿನದನ್ನು ಕಾಣುತ್ತಾನೆ. ಗೋಪುರವೊಂದರಲ್ಲಿ ನೆಡ್‌ನ ತಂಗಿ ಲಿಯಾನಾ ರಕ್ತದ ಮಡುವಿನಲ್ಲಿ ಮಲಗಿದ್ದಾಳೆ, ಅಣ್ಣನ ಕಿವಿಯಲ್ಲಿ ಏನೋ ಹೇಳಿ ಮಗುವನ್ನು ಒಪ್ಪಿಸುತ್ತಾಳೆ. ಮಗುವಿನ ಮುಖ ಜಾನ್‌ನ ಮುಖಕ್ಕೆ ತಿರುಗುತ್ತದೆ. ತಂದೆ ರಾಜಕುಮಾರ ರೇಗಾರ್ ಟಾರ್ಗೇರಿಯನ್ ಎಂಬುದನ್ನು ವಾಹಿನಿ ಆಮೇಲೆ ಪ್ರಕಟಿಸಿದ ವಂಶಾವಳಿ ಚಿತ್ರ ಖಚಿತಪಡಿಸಿತು. ಮುಂದಿನ ಸೀಸನ್ನಿನಲ್ಲಿ ಆಗಷ್ಟೇ ಅಕ್ಷರ ಕಲಿತ ಗಿಲ್ಲಿ ಎಂಬ ಹೆಣ್ಣುಮಗಳು ಹಳೆಯ ದಿನಚರಿಯೊಂದನ್ನು ಓದುತ್ತ, ರಾಜಕುಮಾರನ ಹೆಸರನ್ನು ತಪ್ಪಾಗಿ ಉಚ್ಚರಿಸುತ್ತ, ಅವನ ಮೊದಲ ಮದುವೆ ರದ್ದಾಗಿ ಎರಡನೆಯದು ಗುಟ್ಟಾಗಿ ನಡೆಯಿತೆಂದು ಹೇಳುತ್ತಾಳೆ. ಪಕ್ಕದಲ್ಲಿದ್ದ, ಜಾನ್‌ನ ಗೆಳೆಯ ಸ್ಯಾಮ್ ತನ್ನದೇ ಸಿಟ್ಟಿನಲ್ಲಿ ಅವಳ ಮಾತು ತುಂಡರಿಸುತ್ತಾನೆ. ರಾಜ್ಯದ ಅತಿದೊಡ್ಡ ಸುದ್ದಿ ಹೀಗೆ ಕೇಳಿಯೂ ಕೇಳಿಸದೆ ಹೋಗುತ್ತದೆ. ಆ ಸೀಸನ್ನಿನ ಕೊನೆಗೆ ಹೆಸರೂ ಬಯಲಾಯಿತು: ಏಗಾನ್ ಟಾರ್ಗೇರಿಯನ್, ಔರಸ ಪುತ್ರ.

ಗಮನಿಸಬೇಕಾದದ್ದು, ಓದುಗರಲ್ಲಿ ಬಹಳ ಮಂದಿಗೆ ಇದು ಹೊಸ ಸುದ್ದಿಯಾಗಿರಲಿಲ್ಲ. ಮೊದಲ ಪುಸ್ತಕ ಬಂದದ್ದು 1996ರಲ್ಲಿ. ಅದಾದ ಒಂದೆರಡು ವರ್ಷದೊಳಗೇ ರೇಗಾರ್ ಮತ್ತು ಲಿಯಾನಾ ಸೇರಿದರೆ ಜಾನ್ ಎಂಬ ಸಮೀಕರಣ ಅಭಿಮಾನಿಗಳ ನಡುವೆ ಓಡಾಡುತ್ತಿತ್ತು. ಸರಣಿಯ ನಿರ್ಮಾತೃಗಳಾದ ಡೇವಿಡ್ ಬೆನಿಯಾಫ್ ಮತ್ತು ಡಿ. ಬಿ. ವೈಸ್ ಹಕ್ಕು ಕೇಳಲು ಬಂದಾಗ ಮಾರ್ಟಿನ್ ಅವರಿಬ್ಬರನ್ನು ಕೇಳಿದ್ದೂ ಇದನ್ನೇ: ಜಾನ್ ಸ್ನೋನ ತಾಯಿ ಯಾರು? ಸರಿಯಾಗಿ ಓದಿದ್ದಾರೋ ಇಲ್ಲವೋ ಎಂದು ತಿಳಿಯಲು ಲೇಖಕರಿಗೆ ಆ ಒಂದು ಪ್ರಶ್ನೆ ಸಾಕಾಯಿತು.

ಪುಸ್ತಕದಲ್ಲಿ ಸುಳಿವು ಎಲ್ಲಿ ಅಡಗಿದೆ

ಪುಸ್ತಕ ಎಲ್ಲಿಯೂ ನೇರವಾಗಿ ಹೇಳುವುದಿಲ್ಲ. ಆದರೆ ಹೇಳದೆ ಬಿಟ್ಟ ಜಾಗಗಳನ್ನು ಜೋಡಿಸಿದರೆ ಒಂದು ಆಕಾರ ಮೂಡುತ್ತದೆ.

ಕಾಲು ಮುರಿದುಕೊಂಡು ಜ್ವರದಲ್ಲಿ ಮಲಗಿದ ನೆಡ್‌ಗೆ ಒಂದು ಕನಸು ಬೀಳುತ್ತದೆ. ಗೋಪುರ, ಅದರ ಮುಂದೆ ಬಿಳಿ ನಿಲುವಂಗಿಯ ಮೂವರು ಯೋಧರು, ರಕ್ತದ ಹಾಸಿಗೆಯಲ್ಲಿ ಲಿಯಾನಾ, ಮಾತು ಕೊಡು ಎಂಬ ಅವಳ ಮೊರೆ. ಏನು ಮಾತು ಎಂಬುದು ಬರುವುದೇ ಇಲ್ಲ. ‘ರಕ್ತದ ಹಾಸಿಗೆ’ ಎಂದರೆ ಗಾಯ ಎಂದು ಮೊದಲ ಓದಿಗೆ ಅನಿಸುತ್ತದೆ. ಅದೇ ಪುಸ್ತಕದ ಇನ್ನೊಂದು ಮೂಲೆಯಲ್ಲಿ ಸೂಲಗಿತ್ತಿಯ ಕೆಲಸ ಬಲ್ಲ ಹೆಂಗಸೊಬ್ಬಳು ಹೆರಿಗೆಯನ್ನು ಅದೇ ಮಾತಿನಿಂದ ಕರೆಯುತ್ತಾಳೆ. ಎರಡೂ ಕಡೆಗಳ ನಡುವೆ ನೂರಾರು ಪುಟ, ಸಾವಿರಾರು ಮೈಲಿ ದೂರವಿದೆ. ಎರಡನ್ನೂ ನೆನಪಿಟ್ಟ ಓದುಗನಿಗೆ ಲಿಯಾನಾ ಸತ್ತದ್ದು ಬಾಣಂತಿಯಾಗಿ ಎಂದು ಹೊಳೆಯುತ್ತದೆ.

ನೀಲಿ ಗುಲಾಬಿಯ ಜಾಡು ಇನ್ನೂ ಉದ್ದ. ಹ್ಯಾರನ್‌ಹಾಲ್ ಕೋಟೆಯ ಭರ್ಜಿಕಾಳಗದ ಪಂದ್ಯದಲ್ಲಿ ಗೆದ್ದ ರೇಗಾರ್ ತನ್ನ ಹೆಂಡತಿ ಎಲಿಯಾಳನ್ನು ದಾಟಿ ಹೋಗಿ ನೀಲಿ ಗುಲಾಬಿಗಳ ಕಿರೀಟವನ್ನು ಲಿಯಾನಾಳ ಮಡಿಲಿಗೆ ಇಡುತ್ತಾನೆ. ಅವಳು ಸಾಯುವಾಗ ಅಂಗೈಯಿಂದ ಬಾಡಿ ಕಪ್ಪಾದ ಎಸಳು ಉದುರುತ್ತದೆ. ಎರಡನೆಯ ಪುಸ್ತಕದಲ್ಲಿ, ಇದಾವುದರ ಅರಿವೂ ಇಲ್ಲದ, ರೇಗಾರ್‌ನ ತಂಗಿ ಡೆನೇರಿಸ್‌ಗೆ ದೂರದ ನಾಡಿನ ಮಾಟದ ಮನೆಯೊಂದರಲ್ಲಿ ಒಂದು ದೃಶ್ಯ ಕಾಣುತ್ತದೆ: ಮಂಜಿನ ಗೋಡೆಯ ಬಿರುಕಿನಲ್ಲಿ ಅರಳಿದ ನೀಲಿ ಹೂವು. ರಾಜ್ಯದ ಉತ್ತರದ ಗಡಿಯಲ್ಲಿರುವ ಮಂಜಿನ ಗೋಡೆಯ ಮೇಲೆ ಕಾವಲು ನಿಂತವನು ಜಾನ್.

ಇನ್ನೊಂದು ಸುಳಿವು ನೆಡ್‌ನ ಮನಸ್ಸಿನೊಳಗೇ ಇದೆ. ಅಪರಿಚಿತ ಮಗುವಿನ ಜೀವಕ್ಕೂ ತನ್ನ ಮಕ್ಕಳ ಜೀವಕ್ಕೂ ನಡುವೆ ಆಯ್ಕೆ ಬಂದರೆ ಏನು ಮಾಡುತ್ತಿದ್ದೆ ಎಂದು ಯೋಚಿಸುವಾಗ ಅವನು ರಾಬ್, ಸಾನ್ಸಾ, ಆರ್ಯ, ಬ್ರಾನ್, ರಿಕನ್ ಎಂದು ಐದೂ ಹೆಸರು ನೆನೆಯುತ್ತಾನೆ. ಜಾನ್ ಆ ಸಾಲಿನಲ್ಲಿಲ್ಲ. ಮುಂದಿನ ವಾಕ್ಯದಲ್ಲಿ, ಬೇರೆಯಾಗಿ ಬರುತ್ತಾನೆ. ಹೆಂಡತಿ ಕೆದಕಿದಾಗಲೂ ಅವನು ತನ್ನ ರಕ್ತ ಎನ್ನುತ್ತಾನೆಯೇ ಹೊರತು ಮಗ ಎನ್ನುವುದಿಲ್ಲ. ಸೋದರಳಿಯನೂ ರಕ್ತವೇ ತಾನೆ?

ಏಳು ಜನರ ಲೆಕ್ಕ

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಬಲವಾದ ಸಾಕ್ಷ್ಯ ಹೂವೂ ಅಲ್ಲ, ಕನಸೂ ಅಲ್ಲ. ಅದು ಲೆಕ್ಕ.

ರಾಜನ ಅಂಗರಕ್ಷಕ ಪಡೆಯಾದ ಕಿಂಗ್ಸ್‌ಗಾರ್ಡ್‌ನಲ್ಲಿ ಇರುವುದು ಏಳೇ ಜನ. ಅರಸನನ್ನೂ ಅವನ ಸಂತತಿಯನ್ನೂ ಕಾಯುವುದೇ ಅವರ ವ್ರತ. ಲಿಯಾನಾಳನ್ನು ರೇಗಾರ್ ಅಪಹರಿಸಿದನೆಂಬ ಸುದ್ದಿಯಿಂದ ಅವನ ತಂದೆ ಏರಿಸ್ ದೊರೆಯ ವಿರುದ್ಧ ಭುಗಿಲೆದ್ದ ಯುದ್ಧದ ಕೊನೆಗೆ ಮೂವರು ರೇಗಾರ್ ಜೊತೆ ಟ್ರೈಡೆಂಟ್ ನದಿಯ ಕಾಳಗಕ್ಕೆ ಹೋಗಿದ್ದರು. ರಾಜಧಾನಿಯಲ್ಲಿ ಹುಚ್ಚು ದೊರೆ ಏರಿಸ್‌ನ ಬಳಿ ಉಳಿದವನು ಜೇಮಿ ಲ್ಯಾನಿಸ್ಟರ್ ಒಬ್ಬನೇ. ಮಿಕ್ಕ ಮೂವರು, ಅದರಲ್ಲೂ ಪಡೆಯ ಮುಖ್ಯಸ್ಥ ಜೆರಾಲ್ಡ್ ಹೈಟವರ್ ಮತ್ತು ಆ ಕಾಲದ ಶ್ರೇಷ್ಠ ಕತ್ತಿವರಸೆಗಾರ ಆರ್ಥರ್ ಡೇನ್, ಯಾರೂ ಕೇಳರಿಯದ ಗೋಪುರವೊಂದರ ಬಾಗಿಲಲ್ಲಿ ನಿಂತಿದ್ದರು.

ಆಗ ದೊರೆ ಸತ್ತಿದ್ದಾನೆ. ಯುವರಾಜ ಸತ್ತಿದ್ದಾನೆ. ಅವನ ಎಳೆಯ ಮಗನನ್ನು ಕೊಂದ ಸುದ್ದಿಯೂ ಬಂದಿದೆ. ಉಳಿದ ರಾಜವಂಶದ ಗಂಡು ರೇಗಾರ್‌ನ ತಮ್ಮ ವಿಸೇರಿಸ್, ಅವನಿರುವುದು ಡ್ರ್ಯಾಗನ್‌ಸ್ಟೋನ್ ದ್ವೀಪದಲ್ಲಿ. ನೆಡ್ ಅದನ್ನೇ ಎತ್ತಿ ಹೇಳುತ್ತಾನೆ. ಕಿಂಗ್ಸ್‌ಗಾರ್ಡ್ ಓಡಿಹೋಗುವುದಿಲ್ಲ ಎಂದು ಅವರು ಉತ್ತರಿಸಿ, ಕತ್ತಿ ಹಿರಿದು, ಏಳು ಜನರ ಎದುರು ಮೂವರು ಕಾದಾಡಿ ಸಾಯುತ್ತಾರೆ. ಗೋಪುರದಲ್ಲಿದ್ದದ್ದು ಬರೀ ಅಪಹೃತ ಹೆಣ್ಣಾಗಿದ್ದರೆ ಈ ನಡತೆಗೆ ಅರ್ಥವಿಲ್ಲ. ಒಳಗೆ ರೇಗಾರ್‌ನ ಮಗನಿದ್ದರೆ, ಅವರ ಪಾಲಿಗೆ ರಾಜನೇ ಇದ್ದಂತಾದರೆ, ಅವರಾಡಿದ ಪ್ರತಿಯೊಂದು ಮಾತಿಗೂ ನೆಲೆ ಸಿಗುತ್ತದೆ.

ನೆಡ್ ಬಾಯಿ ಬಿಡದಿದ್ದಕ್ಕೂ ಇಲ್ಲೇ ಕಾರಣವಿದೆ. ಯುದ್ಧ ಗೆದ್ದು ಗದ್ದುಗೆ ಏರಿದ ಹೊಸ ದೊರೆ ರಾಬರ್ಟ್, ನೆಡ್‌ನ ಪ್ರಾಣಸ್ನೇಹಿತ, ಲಿಯಾನಾಳನ್ನು ಮದುವೆಯಾಗಬೇಕಿದ್ದವನು. ರೇಗಾರ್‌ನ ಇಬ್ಬರು ಮಕ್ಕಳ ಹೆಣಗಳನ್ನು ಕೆಂಪು ನಿಲುವಂಗಿಯಲ್ಲಿ ಸುತ್ತಿ ತಂದಾಗ ಅವನು ಅವುಗಳನ್ನು ಮಕ್ಕಳೆಂದು ಒಪ್ಪಲೂ ಇಲ್ಲ, ಡ್ರ್ಯಾಗನ್ ಮರಿಗಳೆಂದ. ಮೂರನೆಯ ಮಗು ಇದೆ ಎಂದು ತಿಳಿದರೆ ಅದರ ಗತಿ ಏನಾಗುತ್ತಿತ್ತೆಂದು ನೆಡ್‌ಗೆ ಗೊತ್ತಿತ್ತು. ಅದಕ್ಕಾಗಿ ತನ್ನ ಮಾನ ತೆತ್ತ, ಹೆಂಡತಿಯ ನೆಮ್ಮದಿ ತೆತ್ತ. ತಂಗಿಯ ಮಗನನ್ನು ಸೋದರಮಾವ ಸಾಕುವುದು ನಮ್ಮ ಕಡೆ ಹೊಸದಲ್ಲ. ಆದರೆ ಸೋದರಮಾವ ಎಂಬ ಸಂಬಂಧವನ್ನೇ ಬಚ್ಚಿಟ್ಟು, ಹಾದರದ ಅಪವಾದ ಹೊತ್ತು ಸಾಕುವುದರ ಭಾರ ಬೇರೆ.

ಗುಟ್ಟು ಬಿಡಿಸುವವನೇ ಗುಟ್ಟು ಇಟ್ಟವನು

ಮೊದಲ ಪುಸ್ತಕದಲ್ಲಿ ನೆಡ್ ಇನ್ನೊಂದು ಜನ್ಮರಹಸ್ಯವನ್ನು ಬಿಡಿಸುತ್ತಾನೆ. ಮನೆತನಗಳ ದಪ್ಪ ಗ್ರಂಥವೊಂದನ್ನು ತಿರುವಿಹಾಕಿ, ರಾಬರ್ಟ್‌ನ ಬರಾಥಿಯನ್ ಮನೆತನದ ರಕ್ತ ಬೆರೆತಲ್ಲೆಲ್ಲ ಮಕ್ಕಳ ಕೂದಲು ಕಪ್ಪಾಗಿದ್ದದ್ದನ್ನು ಕಂಡು, ರಾಣಿ ಸರ್ಸಿಯ ಹೊಂಗೂದಲಿನ ಮೂವರು ಮಕ್ಕಳು ರಾಬರ್ಟ್‌ನವರಲ್ಲ, ಅವಳ ಅವಳಿ ಸಹೋದರ ಜೇಮಿಯವರು ಎಂದು ಕಂಡುಕೊಳ್ಳುತ್ತಾನೆ.

ಹುಟ್ಟಿನ ಗುಟ್ಟನ್ನು ಹೇಗೆ ಹುಡುಕಬೇಕೆಂದು ಮಾರ್ಟಿನ್ ಇಲ್ಲಿ ಓದುಗನಿಗೆ ಪಾಠ ಹೇಳಿಕೊಡುತ್ತಿದ್ದಾರೆ. ಕಲಿಸುವ ಗುರು ನೆಡ್. ಅವನ ಹಿಂದೆ, ಅವನೇ ಬಚ್ಚಿಟ್ಟ ಇನ್ನೊಂದು ಮಗು. ಓದುಗ ಸರ್ಸಿಯ ಮಕ್ಕಳನ್ನು ನೋಡುತ್ತಿರುವಾಗ ಜಾನ್ ಕಣ್ಣು ತಪ್ಪಿಸಿಕೊಳ್ಳುತ್ತಾನೆ, ಯಾಕೆಂದರೆ ಕೂದಲಿನ ಪರೀಕ್ಷೆ ಅವನ ಮೇಲೆ ನಡೆಯುವುದಿಲ್ಲ. ಅವನು ಅಪ್ಪಟ ಸ್ಟಾರ್ಕ್ ಮುಖದವನು. ತಾಯಿಯ ಹೋಲಿಕೆಯೇ ಅವನನ್ನು ಉಳಿಸಿತು.

ಒಪ್ಪದವರ ವಾದ

ಈ ಸಿದ್ಧಾಂತವನ್ನು ಒಪ್ಪದವರು ಕಡಿಮೆ, ಆದರೆ ಅವರ ಮಾತು ತಳ್ಳಿಹಾಕುವಂಥದ್ದಲ್ಲ. ಪುಸ್ತಕವೇ ಬೇರೆ ತಾಯಂದಿರ ಹೆಸರು ಹೇಳುತ್ತದೆ. ರಾಬರ್ಟ್‌ನ ಎದುರು ನೆಡ್ ಒಪ್ಪಿಕೊಂಡ ಹೆಸರು ವಿಲ್ಲಾ. ವಿಂಟರ್‌ಫೆಲ್ ಎಂಬ ಸ್ಟಾರ್ಕ್ ಕೋಟೆಯ ಆಳುಕಾಳುಗಳ ಪಿಸುಮಾತು ಆಶಾರಾ ಡೇನ್ ಎಂಬ ಕುಲೀನ ಹೆಣ್ಣಿನ ಬಗ್ಗೆ. ಐದನೆಯ ಪುಸ್ತಕದಲ್ಲಿ ಬೆಸ್ತನ ಮಗಳೊಬ್ಬಳು ನೆಡ್‌ನನ್ನು ದೋಣಿಯಲ್ಲಿ ದಾಟಿಸಿ ಬಸುರಾದ ಕಥೆ ಬರುತ್ತದೆ. ವಿಲ್ಲಾ ಡೇನ್ ಮನೆತನದ ಹಾಲೂಡುವ ದಾದಿ ಎಂದು ಮೂರನೆಯ ಪುಸ್ತಕದಲ್ಲಿ ತಿಳಿಯುತ್ತದೆ. ತಾಯಿ ಸತ್ತ ಕೂಸಿಗೆ ಮೊಲೆಹಾಲು ಕೊಟ್ಟವಳು ಅವಳಿರಬೇಕು, ಹಾಗಾಗಿ ಅವಳ ಹೆಸರು ಸುಳ್ಳಿಗೆ ಒದಗಿತು ಎಂಬುದು ಇದಕ್ಕೆ ಸಮಾಧಾನ.

ಇನ್ನೊಂದು ಆಕ್ಷೇಪ ಕಥನಕ್ಕೆ ಸೇರಿದ್ದು. ತಬ್ಬಲಿ ಹುಡುಗ ಕೊನೆಗೆ ರಾಜಕುಮಾರನಾಗುವುದು ಹಳಸಿದ ಕಥೆ; ಇಂಥ ಹಳೆ ಜಾಡುಗಳನ್ನು ಮುರಿಯುವ ಮಾರ್ಟಿನ್ ಅದನ್ನೇ ಏಕೆ ತುಳಿಯಬೇಕು ಎಂದು. ಇದಕ್ಕೆ ಪುಸ್ತಕದಾಚೆಯ ಒಂದು ಕಾಗದ ಉತ್ತರ ಕೊಡುತ್ತದೆ. 1993ರ ಅಕ್ಟೋಬರ್‌ನಲ್ಲಿ ಮಾರ್ಟಿನ್ ತಮ್ಮ ಏಜೆಂಟ್‌ಗೆ ಬರೆದ ಯೋಜನಾಪತ್ರ 2015ರಲ್ಲಿ ಬೆಳಕಿಗೆ ಬಂತು. ಆಗ ಮೂರೇ ಪುಸ್ತಕದ ಆಲೋಚನೆ. ಅದರಲ್ಲಿ ಜಾನ್ ಮತ್ತು ಆರ್ಯ ಪರಸ್ಪರ ಪ್ರೀತಿಸಿ, ಮಲ ಅಣ್ಣತಂಗಿಯೆಂದು ಪಾಪಪ್ರಜ್ಞೆಯಲ್ಲಿ ಬೇಯಬೇಕಿತ್ತು. ಕೊನೆಯ ಪುಸ್ತಕದಲ್ಲಿ ಜಾನ್‌ನ ನಿಜವಾದ ಹುಟ್ಟು ತಿಳಿದಾಗ ಆ ತಡೆ ಕಳಚಬೇಕಿತ್ತು. ಆ ಪ್ರೇಮಕಥೆ ಮುಂದೆ ಕೈಬಿಟ್ಟುಹೋಯಿತು. ಆದರೆ ಜಾನ್ ನೆಡ್‌ನ ಮಗನಲ್ಲ ಎಂಬುದು ಮೊದಲ ದಿನದಿಂದ ಇದ್ದ ಯೋಜನೆ ಎಂದು ಅದರಿಂದ ಸ್ಪಷ್ಟವಾಗುತ್ತದೆ. ತಂಗಿ ಎನಿಸಿಕೊಂಡವಳು ಸೋದರಮಾವನ ಮಗಳಾಗಿಬಿಡುವುದು ಎಷ್ಟು ದೊಡ್ಡ ಪಲ್ಲಟ ಎಂದು ಕನ್ನಡದ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ.

ಪುಸ್ತಕದ ಇನ್ನೊಬ್ಬ ಏಗಾನ್

ಪರದೆಯ ಉತ್ತರವನ್ನು ಹಾಗೆಯೇ ಪುಸ್ತಕಕ್ಕೆ ಹೊಂದಿಸಲು ಆಗದಿರುವುದು ಇಲ್ಲಿ. ರೇಗಾರ್ ಮತ್ತು ಎಲಿಯಾಳ ಮಗನ ಹೆಸರೇ ಏಗಾನ್. ರಾಜಧಾನಿ ಬಿದ್ದ ದಿನ ಆ ಕೂಸಿನ ತಲೆಯನ್ನು ಗೋಡೆಗೆ ಬಡಿದು ಕೊಂದರು. ಮುಖ ಗುರುತು ಸಿಗುವಂತಿರಲಿಲ್ಲ. 2011ರ ಐದನೆಯ ಪುಸ್ತಕದಲ್ಲಿ ನೀಲಿ ಬಣ್ಣ ಬಳಿದ ಕೂದಲಿನ ‘ಯಂಗ್ ಗ್ರಿಫ್’ ಎಂಬ ತರುಣ ಬಂದು, ತಾನೇ ಆ ಏಗಾನ್, ಮಗುವನ್ನು ಅದಲುಬದಲು ಮಾಡಿ ಉಳಿಸಿದರು ಎನ್ನುತ್ತಾನೆ. ಸರಣಿ ಅವನನ್ನು ಪೂರ್ತಿ ಬಿಟ್ಟಿತು. ಹಾಗಾಗಿ ಪರದೆಯ ಮೇಲೆ ರೇಗಾರ್ ಇಬ್ಬರು ಗಂಡುಮಕ್ಕಳಿಗೂ ಒಂದೇ ಹೆಸರಿಟ್ಟಂತಾಯಿತು. ಪುಸ್ತಕದಲ್ಲಿ ಜಾನ್‌ಗೆ ತಾಯಿ ಇಟ್ಟ ಹೆಸರು ಬೇರೆಯೇ ಇರುವ ಸಂಭವ ಹೆಚ್ಚು.

ಯಂಗ್ ಗ್ರಿಫ್ ಅಸಲಿಯೇ ಎಂಬುದು ಬೇರೆ ಜಗಳ. ಟಾರ್ಗೇರಿಯನ್ನರ ದಾಯಾದಿಗಳಾದ ಬ್ಲ್ಯಾಕ್‌ಫೈರ್‌ಗಳ ಲಾಂಛನ ಕಪ್ಪು ಡ್ರ್ಯಾಗನ್, ಅಸಲಿ ಮನೆತನದ್ದು ಕೆಂಪು. ಹುಡುಗನ ಬೆನ್ನಿಗಿರುವ ಗೋಲ್ಡನ್ ಕಂಪನಿ ಎಂಬ ಬಾಡಿಗೆ ಸೈನ್ಯವನ್ನು ಕಟ್ಟಿದ್ದು ಬ್ಲ್ಯಾಕ್‌ಫೈರ್ ಪಕ್ಷದವನು. ಆ ವಂಶ ಅಳಿದದ್ದು ಗಂಡು ಸಂತಾನದಲ್ಲಿ ಮಾತ್ರ ಎಂದು ಪಾತ್ರವೊಂದು ಮಾತಿನ ನಡುವೆ ಜಾರಿಸಿಬಿಡುತ್ತದೆ. ನಾಲ್ಕನೆಯ ಪುಸ್ತಕದಲ್ಲಿ ಸನ್ಯಾಸಿಯೊಬ್ಬ ಹೋಟೆಲೊಂದರ ಹಳೆ ಫಲಕದ ಕಥೆ ಹೇಳುತ್ತಾನೆ: ಕಬ್ಬಿಣದ ಕಪ್ಪು ಡ್ರ್ಯಾಗನ್ ಅದು, ದೊರೆಯೊಬ್ಬ ಸಿಟ್ಟಿನಿಂದ ಕಡಿಸಿ ನದಿಗೆ ಎಸೆದ, ವರ್ಷಗಳ ಮೇಲೆ ಅದರ ಒಂದು ತಲೆ ದಡಕ್ಕೆ ಬಂದು ಬಿದ್ದಾಗ ತುಕ್ಕು ಹಿಡಿದು ಕೆಂಪಾಗಿತ್ತು. ಕಥೆಯ ನಡೆಗೆ ಈ ಫಲಕದ ಅಗತ್ಯವೇ ಇಲ್ಲ. ಕಡಲಾಚೆಯಿಂದ ಕೆಂಪಾಗಿ ಮರಳುತ್ತಿರುವ ಕಪ್ಪು ಡ್ರ್ಯಾಗನ್ ಒಂದಿದೆ ಎಂದು ಹೇಳಲಲ್ಲದೆ ಅದು ಅಲ್ಲಿರುವುದು ಮತ್ತೇಕೆ?

ಇಂಥ ಊಹೆ ಟಿರಿಯನ್ ವಿಷಯದಲ್ಲಿ ಏಕೆ ಸೋಲುತ್ತದೆ

ಜಾನ್ ವಿಷಯದ ಗೆಲುವು ಇಂಥ ಊಹೆಗಳ ಸಾಲನ್ನೇ ಹುಟ್ಟಿಸಿತು. ಹೆಚ್ಚು ಬೆಂಬಲ ಇರುವುದು ಜೇಮಿಯ ಕುಬ್ಜ ತಮ್ಮ ಟಿರಿಯನ್ ಲ್ಯಾನಿಸ್ಟರ್ ಹುಚ್ಚು ದೊರೆ ಏರಿಸ್‌ನ ಮಗ ಎಂಬುದಕ್ಕೆ. ತೋರಿಸಲು ಸುಳಿವುಗಳೇನೋ ಇವೆ: ತೀರಾ ಬಿಳಿಚಿದ ಕೂದಲು, ಬಣ್ಣ ಬೇರೆಯಾದ ಕಣ್ಣುಗಳು, ಬಾಲ್ಯದ ಡ್ರ್ಯಾಗನ್ ಕನಸುಗಳು, ಟಿರಿಯನ್‌ನ ತಾಯಿ ಜೊಆನಾಳ ಮೇಲೆ ಏರಿಸ್‌ಗಿದ್ದ ಕಣ್ಣು, ಸಾಯುವ ಗಳಿಗೆಯಲ್ಲಿ ನೀನು ನನ್ನ ಮಗನಲ್ಲ ಎಂದ ತಂದೆ ಟೈವಿನ್.

ಆದರೆ ಸುಳಿವು ಸಿಕ್ಕ ಮಾತ್ರಕ್ಕೆ ಸಿದ್ಧಾಂತ ನಿಲ್ಲುವುದಿಲ್ಲ. ಅದನ್ನು ಒಪ್ಪಿದರೆ ಪಾತ್ರಗಳು ಈಗಾಗಲೇ ಮಾಡಿದ ಕೆಲಸಗಳಿಗೆ ಹೊಸ ಅರ್ಥ ಬರುತ್ತದೆಯೇ ಎಂದು ಕೇಳಬೇಕು. ಜಾನ್ ವಿಷಯದಲ್ಲಿ ನೆಡ್‌ನ ಮೌನ, ಮೂವರು ಯೋಧರ ಸಾವು, ನೆಡ್‌ನ ಹೆಂಡತಿ ಕ್ಯಾಟ್ಲಿನ್‌ಳ ಕಹಿ ಎಲ್ಲವೂ ಒಮ್ಮೆಲೇ ಬೆಳಗುತ್ತವೆ. ಟಿರಿಯನ್ ಏರಿಸ್‌ನ ಮಗನಾದರೆ ಹೊಸದಾಗಿ ಅರ್ಥವಾಗುವುದು ಏನೂ ಇಲ್ಲ, ಕಳೆದುಹೋಗುವುದೇ ಹೆಚ್ಚು. ಟೈವಿನ್‌ನ ಬುದ್ಧಿ, ಕಾಠಿಣ್ಯ, ಆಡಳಿತದ ಕಸುವು ಇಳಿದು ಬಂದದ್ದು ಅವನು ಹೊಸಿಲು ದಾಟಿಸದ ಕುಬ್ಜ ಮಗನಲ್ಲಿ. ಆ ದುರಂತವೇ ಇಲ್ಲವಾಗುತ್ತದೆ. ಟೈವಿನ್‌ನ ತಂಗಿ ಜೆನಾ ಜೇಮಿಯ ಮುಖಕ್ಕೇ ಹೇಳುತ್ತಾಳೆ: ಟೈವಿನ್‌ನ ಮಗ ಟಿರಿಯನ್, ನೀನಲ್ಲ. ಅತ್ತೆಯ ಬಾಯಿಂದ ಬಂದ ಆ ಮಾತು ನೂರು ಕೂದಲೆಳೆಗಿಂತ ತೂಕದ್ದು. ಹೊಸ ಸರಣಿಯ ಡಂಕ್‌ಗೂ ದೊಡ್ಡ ಮನೆತನವೊಂದನ್ನು ಅಂಟಿಸುವ ಪ್ರಯತ್ನಗಳು ಇದೇ ಕಾರಣಕ್ಕೆ ನಿಲ್ಲುವುದಿಲ್ಲ. ಕೊಳೆಗೇರಿಯಲ್ಲಿ ಬೆಳೆದ ಅನಾಮಿಕನೊಬ್ಬ ನೈಟ್‌ನಂತೆ ನಡೆದುಕೊಳ್ಳುವುದರಲ್ಲೇ ಆ ಕಥೆಯ ಜೀವವಿದೆ.

ಕರ್ಣನಿಗೂ ಜಾನ್‌ಗೂ ಇರುವ ದೂರ

ನಮ್ಮಲ್ಲಿ ಜಾನ್ ಎಂದೊಡನೆ ಕರ್ಣ ನೆನಪಾಗುವುದು ಸಹಜ. ಆದರೆ ಕರ್ಣನ ಗುಟ್ಟು ಕೇಳುಗನಿಗೆ ಎಂದೂ ಗುಟ್ಟಾಗಿರಲಿಲ್ಲ. ಕುಂತಿ ಕೂಸನ್ನು ತೇಲಿಬಿಟ್ಟದ್ದನ್ನು ನಾವು ಮೊದಲೇ ಬಲ್ಲೆವು. ಕುಮಾರವ್ಯಾಸನಲ್ಲಿ ಕೃಷ್ಣ ಮೈದುನತನದ ಸಲಿಗೆಯಿಂದ ಕರ್ಣನನ್ನು ರಥಕ್ಕೆ ಎಳೆದು ಕೂರಿಸಿಕೊಳ್ಳುವಾಗ ನಮಗೆ ಬೇಕಿರುವುದು ಸುದ್ದಿಯಲ್ಲ. ಅದನ್ನು ಕೇಳಿ ಕರ್ಣನ ಕೊರಳು ಹೇಗೆ ಬಿಗಿಯುತ್ತದೆ ಎಂಬುದು. ಮಾರ್ಟಿನ್ ಪಾತ್ರದಿಂದಲೂ ಓದುಗನಿಂದಲೂ ಗುಟ್ಟು ಮುಚ್ಚಿಟ್ಟರು. ಓದುಗ ಮೊದಲೇ ಕಂಡುಕೊಂಡದ್ದರಿಂದ ಈಗ ಅವನೂ ಕರ್ಣನ ಕಥೆಯ ಕೇಳುಗನ ಜಾಗಕ್ಕೆ ಬಂದಿದ್ದಾನೆ.

ಇದು ನಷ್ಟವಲ್ಲ ಎಂದೇ ನನ್ನ ನಂಬಿಕೆ. ಮಂಜಿನ ಗೋಡೆಯ ಬುಡದಲ್ಲಿ ಕುರುಡ ಮುದುಕ, ವಿದ್ವಾಂಸ ಮೆಸ್ಟರ್ ಏಮನ್, ಹೊಸ ಸರಣಿಯ ಎಗ್‌ನ ಸ್ವಂತ ಅಣ್ಣ, ತನ್ನ ಕುಲ ನಾಶವಾದದ್ದನ್ನು ಜಾನ್ ಮುಂದೆ ಹೇಳಿಕೊಳ್ಳುತ್ತಾನೆ. ತನ್ನ ತಮ್ಮನ ಕುಡಿಯೇ ಎದುರಿಗಿದೆ ಎಂದು ಅವನಿಗೆ ಗೊತ್ತಿಲ್ಲ, ಜಾನ್‌ಗೂ ಗೊತ್ತಿಲ್ಲ. ತಿಳಿಯದೆಯೇ ಏಮನ್ ಸಾಯುತ್ತಾನೆ. ಗುಟ್ಟು ಬಲ್ಲವನಿಗೆ ಮಾತ್ರ ಆ ಪುಟ ಓದುವಾಗ ಕಣ್ಣು ತೇವವಾದೀತು.

ಲೇಖಕರ ಪಾಡು ಬೇರೆ. ಓದುಗರು ಗುಟ್ಟು ಬಿಡಿಸಿದ ಮೇಲೆ ಕಥೆ ಬದಲಿಸಬೇಕೆ ಎಂಬ ಪ್ರಶ್ನೆಯ ಬಗ್ಗೆ ಮಾರ್ಟಿನ್ 2014ರಲ್ಲಿ ಎಡಿನ್‌ಬರೋ ಪುಸ್ತಕೋತ್ಸವದಲ್ಲಿ ಮಾತನಾಡಿದ್ದರು. ಬದಲಿಸುವುದು ಅನಾಹುತ, ಯಾಕೆಂದರೆ ಬಿತ್ತಿದ ಸುಳಿವುಗಳೆಲ್ಲ ಸುಳ್ಳಾಗುತ್ತವೆ ಎಂಬುದು ಅವರ ನಿಲುವು. ಆದ್ದರಿಂದ ತಂದೆತಾಯಿಯ ಮಟ್ಟಿಗೆ ಪುಸ್ತಕವೂ ಪರದೆಯೂ ಒಂದೇ ಉತ್ತರ ಕೊಡುತ್ತವೆ ಎಂದು ಧೈರ್ಯವಾಗಿ ಹೇಳಬಹುದು.

ಮುಂದೇನು

ಬೇರೆಯಾಗಬಹುದಾದದ್ದು ಅದರ ಪರಿಣಾಮ. ಪರದೆಯಲ್ಲಿ ಹುಟ್ಟಿನ ಸುದ್ದಿ ಜಾನ್‌ಗೆ ಗದ್ದುಗೆ ಕೊಡಲಿಲ್ಲ; ಡೆನೇರಿಸ್ ಅವನಿಗೆ ಸೋದರತ್ತೆ ಎಂದಾಗಿ, ಅವಳಿಗಿಂತ ಅವನ ಹಕ್ಕು ಮೇಲೆಂದಾಗಿ, ಇಬ್ಬರ ನಡುವೆ ವಿಶ್ವಾಸ ಮುರಿಯಿತು. ಕೊನೆಗೆ ಅವನು ಅವಳನ್ನು ಕೊಂದು ಉತ್ತರಕ್ಕೆ ಹೋದ. ಇಷ್ಟು ವರ್ಷ ಕಾದ ಗುಟ್ಟು ಕೆಲವೇ ಕಂತುಗಳಲ್ಲಿ ಕರಗಿದ್ದು ಬಹಳ ನೋಡುಗರಿಗೆ ನೋವು ತಂದದ್ದು ನ್ಯಾಯವೇ.

ಪುಸ್ತಕದಲ್ಲಿ ದಾರಿ ಇನ್ನೂ ತೊಡಕಿನದು. ಅಲ್ಲಿ ಜಾನ್ ಇರಿತಕ್ಕೆ ಸಿಕ್ಕಿ ಹಿಮದಲ್ಲಿ ಬಿದ್ದಿದ್ದಾನೆ. ಗೋಪುರದ ಕಾಳಗದಿಂದ ನೆಡ್ ಜೊತೆ ಜೀವಂತ ಮರಳಿದವನು ಒಬ್ಬನೇ, ಹೌಲ್ಯಾಂಡ್ ರೀಡ್. ಜೌಗುನಾಡಿನ ತನ್ನ ಗ್ರೇವಾಟರ್ ಕೋಟೆ ಬಿಟ್ಟು ಐದು ಪುಸ್ತಕಗಳಲ್ಲಿ ಅವನು ಒಮ್ಮೆಯೂ ಎದುರಿಗೆ ಬಂದಿಲ್ಲ. ಇತ್ತ ರಾಬ್ ಸ್ಟಾರ್ಕ್ ಸಾಯುವ ಮುನ್ನ, ಜಾನ್‌ನನ್ನು ಅನೌರಸತನದಿಂದ ಬಿಡಿಸಿ ಉತ್ತರಾಧಿಕಾರಿ ಮಾಡುವ ಇಂಗಿತದಿಂದ, ಉಯಿಲಿಗೆ ಸರದಾರರ ಮುದ್ರೆ ಹಾಕಿಸಿದ್ದ. ಅವರಲ್ಲಿ ಮೇಜ್ ಮಾರ್ಮಂಟ್ ಮತ್ತು ಗಾಲ್ಬರ್ಟ್ ಗ್ಲೋವರ್ ಎಂಬಿಬ್ಬರನ್ನು ಆಮೇಲೆ ಅವನು ಕಳಿಸಿದ್ದು ಅದೇ ಗ್ರೇವಾಟರ್‌ಗೆ. ಜಾನ್ ನೆಡ್‌ನ ಮಗನೆಂಬ ನಂಬಿಕೆಯ ಮೇಲೆ ಅವನಿಗೆ ರಾಜ್ಯ ಕೊಡುವ ಉಯಿಲಿನ ಸಾಕ್ಷಿಗಳು, ಅವನು ನೆಡ್‌ನ ಮಗನಲ್ಲ ಎಂದು ಬಲ್ಲ ಒಬ್ಬನೇ ಮನುಷ್ಯನ ಬಾಗಿಲು ಹುಡುಕಿಕೊಂಡು ಹೊರಟಿದ್ದಾರೆ. ಅವರು ಅಲ್ಲಿ ತಲುಪಿದರೋ ಇಲ್ಲವೋ ಎಂಬಲ್ಲಿಗೆ ಪುಸ್ತಕ ನಿಂತಿದೆ.